ಹಸುಗೂಸಿಗೆ ಹಳೆಯ ಪಂಚೆಯೇ ಹಿತ

ಕೂಸಿನ ತೊಡೆಸಂದಿ ಕೆಂಪೇರಿದೆಯೆಂದು ಹೊನ್ನಾಳಿಯ ನನ್ನ ಚಿಕಿತ್ಸಾಲಯಕ್ಕೆ ಬರುವ ತಾಯಂದಿರನ್ನು ನಾನು ಮೊದಲು ಕೇಳುವುದು, ಡಯಾಪರನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತೀರಿ ಎಂದು. ಒದ್ದೆ ಹೊರಗೆ ಕಾಣದ ಕಾರಣ ಅದು ಮರೆತೇ ಹೋಗಿರುತ್ತದೆ.

ಶಿಶುವಿನ ಹಾಸುಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಆಗಿರಬೇಕು. ಮಲಮೂತ್ರ ತಾಗಿದವನ್ನು ಬಿಡಬೇಕು, ಬೇರೆ ಇಲ್ಲದಿದ್ದರೆ ಚೆನ್ನಾಗಿ ಒಗೆದು, ಧೂಪ ಹಾಕಿ, ಪೂರ್ಣವಾಗಿ ಒಣಗಿಸಿ ಬಳಸಬೇಕು ಎನ್ನುತ್ತದೆ ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯ.

ಆದ್ದರಿಂದ ಅಜ್ಜನ ಹತ್ತಿಯ ಪಂಚೆ, ಅಜ್ಜಿಯ ನೂಲಿನ ಸೀರೆಗಳನ್ನು ಕುದಿನೀರಿನಲ್ಲಿ ಒಗೆದು, ನಾಲ್ಕು ಪದರ ಮಡಿಸಿ, ಕೌದಿಯಂತೆ ಹೊಲಿಯಿರಿ. ಗುಂಡಿ ಬೇಡ, ಲಾಡಿ ಸಾಕು. ಪಾಲಿಯೆಸ್ಟರ್ ಸಲ್ಲದು. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆಯೂ ಡಯಾಪರಿನಷ್ಟೇ ಅಹಿತವೆಂಬುದನ್ನು ಮರೆಯದಿರಿ.

ಒಗೆಯುವ ಶ್ರಮ ಬಾಣಂತಿಯೊಬ್ಬಳದೇ ಆದರೆ ಈ ಸಲಹೆ ವ್ಯರ್ಥ. ತಂದೆಯೂ ಕೈಗೂಡಿಸಲಿ.