ಮೊದಲು ಅವಳ ಫೋನು ಕಿತ್ತುಕೊಳ್ಳಬೇಡಿ

ಕಥೆ ನಿಮಗೆ ಗೊತ್ತಿರುವುದೇ. ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗ. ಅವಳು ಅವನೊಡನೆ ನೆಟ್ಟಗೆ ನಾಲ್ಕು ಮಾತು ಆಡಿದವಳಲ್ಲ. ಅವಳಿಗೆ ಬೇರೊಬ್ಬನ ಜೊತೆ ಮದುವೆ ಗೊತ್ತಾಗಿದೆ. ಇವನು ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡುತ್ತಾನೆ, ಎದೆಯ ಮೇಲೆ ಅವಳ ಹೆಸರು ಕೊರೆದುಕೊಳ್ಳುತ್ತಾನೆ, ಅವಳು ಮದುವೆಯಾಗಿ ಗಂಡನ ಜೊತೆ ಸ್ವಿಟ್ಜರ್ಲೆಂಡಿಗೆ ಹೋದರೆ ಅಲ್ಲಿಗೂ ಬರುತ್ತಾನೆ. 1993ರಲ್ಲಿ ಯಶ್ ಚೋಪ್ರಾ ಇದನ್ನು ಹಿಂದಿಯಲ್ಲಿ ‘ಡರ್’ ಎಂದು ತೆಗೆದರು. 2000ದಲ್ಲಿ ಡಿ. ರಾಜೇಂದ್ರ ಬಾಬು ಅದನ್ನೇ ‘ಪ್ರೀತ್ಸೆ’ ಎಂದು ಕನ್ನಡಕ್ಕೆ ತಂದರು. ಶಾರುಖ್ ಖಾನ್ ಜಾಗಕ್ಕೆ ಉಪೇಂದ್ರ ಬಂದರು, ಸನ್ನಿ ಡಿಯೋಲ್ ಜಾಗಕ್ಕೆ ಶಿವರಾಜ್‌ಕುಮಾರ್, ಜೂಹಿ ಚಾವ್ಲಾ ಜಾಗಕ್ಕೆ ಸೊನಾಲಿ ಬೇಂದ್ರೆ.

ಥಿಯೇಟರಿನಲ್ಲಿ ಶಿಳ್ಳೆ ಯಾರಿಗೆ ಬಿತ್ತು ಎಂದು ನಾನು ಹೇಳಬೇಕಾಗಿಲ್ಲ. ಹೆಂಡತಿಯನ್ನು ಕಾಯುತ್ತಿದ್ದ ಗಂಡನಿಗಂತೂ ಅಲ್ಲ. ಹಿಂದಿಯಲ್ಲಿ ಆ ಗಂಡನ ಪಾತ್ರ ಮಾಡಿದ ಸನ್ನಿ ಡಿಯೋಲ್, ಖಳನನ್ನೇ ಮೆರೆಸಿಬಿಟ್ಟರೆಂದು ಮುನಿಸಿಕೊಂಡು ಆಮೇಲೆ ಯಶ್ ಚೋಪ್ರಾ ಚಿತ್ರದಲ್ಲಿ ನಟಿಸಲೇ ಇಲ್ಲ. ಇವತ್ತಿಗೂ ಆರ್ಕೆಸ್ಟ್ರಾ ವೇದಿಕೆಯಲ್ಲಿ ತೊದಲಿ ತೊದಲಿ ಆ ಹುಡುಗಿಯ ಹೆಸರು ಕರೆದು ನಗಿಸುವ ಮಿಮಿಕ್ರಿಯವರಿದ್ದಾರೆ. ಆ ಕರೆ ಬಂದಾಗ ಅವಳ ಕೈಯಲ್ಲಿ ರಿಸೀವರ್ ಹೇಗೆ ನಡುಗುತ್ತಿತ್ತು ಎಂಬುದರ ಮಿಮಿಕ್ರಿಯನ್ನು ಯಾರೂ ಮಾಡುವುದಿಲ್ಲ.

ಆದರೆ ಸಿನಿಮಾವನ್ನು ಬೈದು ಕೈ ತೊಳೆದುಕೊಳ್ಳಲು ನಾನು ಇಲ್ಲಿ ಕೂತಿಲ್ಲ. ಆ ದಾರಿ ಬಹಳ ಸಲೀಸು. 2015ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಕೋರ್ಟಿನಲ್ಲಿ, ಇಬ್ಬರು ಹೆಂಗಸರ ಬೆನ್ನುಬಿದ್ದು ಕಾಡಿದ ಭಾರತೀಯನೊಬ್ಬನ ಪರವಾಗಿ ವಕೀಲರು ಇದೇ ಸಲೀಸು ದಾರಿ ಹಿಡಿದರು. ಇವನು ಹಿಂದಿ ಸಿನಿಮಾ ನೋಡಿಕೊಂಡು ಬೆಳೆದವನು, ಬಿಡದೆ ಬೆನ್ನುಹತ್ತಿದರೆ ಹುಡುಗಿ ಒಲಿಯುತ್ತಾಳೆಂದು ಅಲ್ಲಿಂದಲೇ ಕಲಿತವನು ಎಂದರು. ಅವನು ಜೈಲಿಗೆ ಹೋಗಲಿಲ್ಲ. ಐದು ವರ್ಷ ಒಳ್ಳೆಯ ನಡತೆಯಿಂದಿರು ಎಂದು ಹೇಳಿ ಕಳಿಸಿದರು. ಸಿನಿಮಾದ ಮೇಲೆ ಹಾಕಿದ ತಪ್ಪು ಕೊನೆಗೆ ಯಾರ ಉಪಯೋಗಕ್ಕೆ ಬರುತ್ತದೆ ನೋಡಿದಿರಲ್ಲ.

‘ಡರ್’ ಚಿತ್ರದಲ್ಲಿ ನನಗೆ ನಂಬಲು ಆಗದಿರುವುದು ಹುಚ್ಚು ಪ್ರೇಮಿಯನ್ನಲ್ಲ. ಅಂಥವರು ಊರಿಗೆ ಹತ್ತು ಜನ ಸಿಗುತ್ತಾರೆ. ನಂಬಲಾಗದಿರುವುದು ಆ ಗಂಡನನ್ನು. ಹೆಂಡತಿ ಹೆದರಿದ್ದಾಳೆ ಎಂದರೆ ಹೆದರಿದ್ದಾಳೆ ಎಂದೇ ತಿಳಿಯುತ್ತಾನೆ. ಕಾಲೇಜಿನಲ್ಲಿ ಅವನಿಗೂ ನಿನಗೂ ಏನಿತ್ತು, ನಿಜ ಹೇಳು ಎಂದು ಕುತ್ತಿಗೆಯ ಮೇಲೆ ಕೂರುವುದಿಲ್ಲ. ಅವಳ ಅಣ್ಣ ಅತ್ತಿಗೆಯೂ ಅಷ್ಟೆ, ಅವಳ ಬೆನ್ನಿಗೆ ನಿಲ್ಲುತ್ತಾರೆ. ಇಡೀ ಸಿನಿಮಾದ ಕಟ್ಟುಕಥೆ ಇರುವುದು ಅಲ್ಲಿ.

ನಮ್ಮೂರಿನದೇ ಒಂದು ಮನೆಯ ವಿಷಯ ಹೇಳುತ್ತೇನೆ. ಯಾರು ಏನು ಎಂದು ಹೇಳುವುದಿಲ್ಲ, ಕೇಳಲೂ ಬೇಡಿ. ಎರಡು ಮಕ್ಕಳ ತಾಯಿ. ಅವಳು ಓದಿದ ಹೈಸ್ಕೂಲಿನ ಬ್ಯಾಚಿನವರು ವರ್ಷಗಳ ನಂತರ ಒಟ್ಟು ಸೇರಿ ಗುರುವಂದನೆ ಮಾಡಿದರು. ಈಗ ಎಲ್ಲ ಊರುಗಳಲ್ಲೂ ನಡೆಯುತ್ತದಲ್ಲ, ಮೇಷ್ಟ್ರಿಗೆ ಶಾಲು, ಹಾರ, ಫಲತಾಂಬೂಲ, ಕೊನೆಗೊಂದು ಗ್ರೂಪ್ ಫೋಟೋ. ಒಳ್ಳೆಯ ಕೆಲಸವೇ. ಆ ಕಾರ್ಯಕ್ರಮಕ್ಕೆಂದು ಒಂದು ವಾಟ್ಸ್‌ಆ್ಯಪ್ ಗ್ರೂಪಾಯಿತು. ಒಬ್ಬ ಅದರಿಂದ ಅವಳ ನಂಬರು ಎತ್ತಿಕೊಂಡ. ಮೊದಲು ಗುಲಾಬಿ ಹೂವಿನ ಶುಭೋದಯ. ಆಮೇಲೆ ‘ಊಟ ಆಯ್ತಾ’. ಇವಳು ಸಭ್ಯತೆಗೆ ‘ಆಯ್ತು, ಮನೇಲಿ ಎಲ್ಲ ಚೆನ್ನಾಗಿದ್ದಾರಾ’ ಎಂದು ಉತ್ತರ ಹಾಕಿದಳು. ಇನ್ನೂ ಸ್ವಲ್ಪ ದಿನಕ್ಕೆ ‘ಒಂಬತ್ತನೇ ಕ್ಲಾಸಿನಿಂದಲೂ ನನ್ನ ಮನಸ್ಸಿನಲ್ಲಿ ನೀನೇ’ ಎಂದು ಬಂತು. ಇದೆಲ್ಲ ಬೇಡ, ಮೆಸೇಜು ಮಾಡಬೇಡ ಎಂದು ಸ್ಪಷ್ಟವಾಗಿ ಬರೆದಳು. ಬ್ಲಾಕ್ ಮಾಡಿದಳು. ಬೇರೆ ನಂಬರಿನಿಂದ ಬಂದ. ಅದನ್ನೂ ಬ್ಲಾಕ್ ಮಾಡಿದಳು. ಆಗ ಹಣ ಕಳಿಸುವ ಆ್ಯಪಿನಲ್ಲಿ ಒಂದೊಂದು ರೂಪಾಯಿ ಹಾಕಿ, ಅದರ ಜೊತೆ ಬರೆಯಲು ಕೊಟ್ಟಿರುವ ಜಾಗದಲ್ಲಿ ಒಂದೊಂದು ಸಾಲು ಕಳಿಸತೊಡಗಿದ. ಇವತ್ತು ಹಸಿರು ಸೀರೆ ಚೆನ್ನಾಗಿತ್ತು. ಮಗನ ಸ್ಕೂಲ್ ವ್ಯಾನು ಲೇಟಾಯ್ತಲ್ಲ.

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಅವನು ಎಲ್ಲಿ ನಿಂತು ನೋಡುತ್ತಿದ್ದ ಎಂದು ಲೆಕ್ಕ ಹಾಕಿ.

ಅವಳು ಗಂಡನಿಗೆ ಹೇಳಲಿಲ್ಲ. ಹೇಳದೇ ಇದ್ದದ್ದು ತಪ್ಪು ಎಂದು ಆಮೇಲೆ ಎಲ್ಲರೂ ಹೇಳಿದರು. ಹೇಳಿದ್ದರೆ ಏನಾಗುತ್ತಿತ್ತು ಎಂಬುದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಅವನೇ ಹೇಳಿದ. ಶಾಲಾ ಪ್ರವಾಸದಲ್ಲಿ ಹಳೇಬೀಡಿನ ದೇವಸ್ಥಾನದ ಮುಂದೆ ಇಡೀ ತರಗತಿ ನಿಂತು ತೆಗೆಸಿಕೊಂಡಿದ್ದ ಫೋಟೋದ ಎರಡೂ ಬದಿ ಕತ್ತರಿಸಿ, ಪಕ್ಕಪಕ್ಕ ನಿಂತ ತಾವಿಬ್ಬರೇ ಉಳಿಯುವಂತೆ ಮಾಡಿ ಗಂಡನ ಫೋನಿಗೆ ಕಳಿಸಿದ. ಅಷ್ಟೆ. ಒಂದು ಬೆದರಿಕೆಯಿಲ್ಲ, ಚಾಕುವಿಲ್ಲ, ಆ್ಯಸಿಡ್ಡಿಲ್ಲ. ಉಳಿದದ್ದನ್ನು ಮನೆಯವರು ಮಾಡಿಕೊಂಡರು. ಗಂಡ ಅವಳ ಫೋನು ಕಿತ್ತುಕೊಂಡ. ಅತ್ತೆ, ‘ಒಂದು ಕೈಯಲ್ಲಿ ಚಪ್ಪಾಳೆ ಆಗ್ತದೇನಮ್ಮ?’ ಎಂದರು. ಮೈದುನ ಅವಳ ಮೆಸೇಜುಗಳನ್ನೆಲ್ಲ ಕೂತು ಓದಿ, ‘ಮನೇಲಿ ಎಲ್ಲ ಚೆನ್ನಾಗಿದ್ದಾರಾ’ ಎಂದು ಕೇಳುವ ಅಗತ್ಯ ಏನಿತ್ತು ಎಂದು ವಿಚಾರಣೆ ಮಾಡಿದ. ಅವಳು ಈಗ ತವರಿನಲ್ಲಿದ್ದಾಳೆ. ಮಕ್ಕಳು ಇಲ್ಲಿದ್ದಾರೆ. ಅವನು ಗ್ರೂಪಿನಲ್ಲಿದ್ದಾನೆ.

ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಗುತ್ತದೆ ನನಗೆ. ಬೆನ್ನುಹತ್ತುವವನ ಆಯುಧ ಫೋನಲ್ಲ ಸ್ವಾಮಿ, ನಿಮ್ಮ ಅನುಮಾನ. ಅವನಿಗೆ ಅದು ಚೆನ್ನಾಗಿ ಗೊತ್ತಿದೆ. ಬಾಗಿಲು ಒಡೆದು ಒಳಗೆ ಬರಬೇಕಾದ ಕಷ್ಟವೇ ಅವನಿಗಿಲ್ಲ. ಒಳಗಿನಿಂದ ಚಿಲಕ ತೆಗೆದುಕೊಡಲು ನೀವಿದ್ದೀರಿ. ಮದುವೆಯಾದ ಹೆಂಗಸನ್ನು ಹೆದರಿಸುವುದು ಮದುವೆಯಾಗದ ಹುಡುಗಿಯನ್ನು ಹೆದರಿಸುವುದಕ್ಕಿಂತ ಸುಲಭವಾಗಿರುವುದು ಇದೇ ಕಾರಣಕ್ಕೆ. ‘ನಿನ್ನ ಗಂಡನಿಗೆ ಹೇಳುತ್ತೇನೆ’ ಎಂದರೆ ಸಾಕು. ಏನನ್ನು ಹೇಳುತ್ತೀ ಎಂದು ಕೇಳುವ ಧೈರ್ಯ ಅವಳಿಗಿರುವುದಿಲ್ಲ. ಏನನ್ನೂ ಹೇಳಬೇಕಾಗಿಲ್ಲವೆಂದು ಇಬ್ಬರಿಗೂ ಗೊತ್ತು.

ಗಂಡಸರಿಗೂ ಹೀಗೆ ಗಂಟುಬೀಳುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆ ಗಂಡಸರು ಹೇಳಿಕೊಂಡರೆ ನಗುತ್ತೀರಿ. ಅದೂ ಅನ್ಯಾಯವೇ. ಆದರೆ ನಗುವುದಕ್ಕೂ ಮನೆಯಿಂದ ಹೊರಗೆ ಹಾಕುವುದಕ್ಕೂ ವ್ಯತ್ಯಾಸವಿದೆ.

ಕಾನೂನಿಲ್ಲವೇ ಎಂದರೆ, ಇದೆ. ದೆಹಲಿಯ 2012ರ ಡಿಸೆಂಬರಿನ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಕೂತು, 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 354ಡಿ ಸೇರಿತು. ಬೇಡವೆಂದು ಹೆಂಗಸು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಕ್ಕೆ ಯತ್ನಿಸುವುದು, ಅವಳು ಇಂಟರ್‌ನೆಟ್ಟಿನಲ್ಲಿ ಏನು ಮಾಡುತ್ತಾಳೆಂದು ಕಾಯುವುದು ಅಪರಾಧವಾಯಿತು. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ. ಮೊದಲ ಸಲ ಮೂರು ವರ್ಷದವರೆಗೆ ಶಿಕ್ಷೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಆದರೆ ಮೊದಲ ಸಲದ್ದು ಜಾಮೀನು ಸಿಗುವ ಅಪರಾಧ. ಬೆಳಿಗ್ಗೆ ದೂರು, ಸಂಜೆಗೆ ಅವನು ಅವಳ ಬೀದಿಯ ಟೀ ಅಂಗಡಿಯ ಮುಂದೆ.

ಜಾಮೀನು ಹೇಗೆ ಬಂತು ಎಂಬುದನ್ನೂ ಕೇಳಿ. ಮೊದಲು ಹೊರಬಿದ್ದ ಸುಗ್ರೀವಾಜ್ಞೆಯಲ್ಲಿ ಅದಿರಲಿಲ್ಲ. ಮಸೂದೆ ಸಂಸತ್ತಿಗೆ ಬಂದಾಗ ಹಲವರಿಗೆ ಆತಂಕವಾಯಿತು. ಹೆಂಗಸರ ಬಗ್ಗೆ ಅಲ್ಲ, ಗಂಡಸರ ಬಗ್ಗೆ. ಹಿರಿಯ ಸಂಸದ ಶರದ್ ಯಾದವ್ ಲೋಕಸಭೆಯಲ್ಲಿ ಎದ್ದು ನಿಂತು, ನಮ್ಮಲ್ಲಿ ಹುಡುಗಿಯರ ಹಿಂದೆ ಹೋಗದವರು ಯಾರಿದ್ದಾರೆ ಎಂಬರ್ಥದ ಮಾತಾಡಿದರು. ಸದನ ನಕ್ಕಿತು. ಅತ್ತೆಯ ಚಪ್ಪಾಳೆಯ ಮಾತಿಗೂ ಆ ನಗುವಿಗೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ.

ಹುಬ್ಬಳ್ಳಿಯನ್ನು ಮರೆತಿರಾ? 2024ರ ಏಪ್ರಿಲ್ 18ರಂದು ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಸಿಕ್ಕಿಬಿದ್ದವನು ಅವಳ ಹಳೆಯ ಸಹಪಾಠಿ. ಹೆಣ ಮಣ್ಣಾಗಿ ಎರಡು ದಿನವಾಗಿರಲಿಲ್ಲ, ಒಂದು ಕಡೆ ಧರ್ಮದ ಜಗಳ, ಇನ್ನೊಂದು ಕಡೆ ಅವರಿಬ್ಬರ ಫೋಟೋಗಳ ಹಂಚಾಟ. ಇಬ್ಬರ ನಡುವೆ ಏನಿತ್ತು ಎಂದು ಪತ್ತೆ ಹಚ್ಚಲು ಊರೆಲ್ಲ ಪತ್ತೇದಾರರಾದರು. ಏನಿದ್ದರೇನು? ಏನೋ ಇತ್ತು ಎಂದಾದರೆ ಇರಿದದ್ದು ಕಡಿಮೆಯಾಗುತ್ತದೆಯೇ? ತಿಂಗಳೊಳಗೆ, ಮೇ ತಿಂಗಳಲ್ಲಿ, ಅದೇ ಊರಿನಲ್ಲಿ ಇನ್ನೊಬ್ಬ ಹುಡುಗಿಯನ್ನು ಒಬ್ಬ ಮನೆಗೇ ನುಗ್ಗಿ ಕೊಂದ. ಅವನ ಬೆದರಿಕೆಯನ್ನು ಮೊದಲೇ ತಿಳಿಸಿದ್ದರೂ ಠಾಣೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ಗೋಳಿಟ್ಟರು. ಪೊಲೀಸ್ ಅಧಿಕಾರಿ ಅಮಾನತಾದರು. ಸತ್ತ ಮೇಲೆ ಅವಳ ಮಾತಿಗೆ ಬೆಲೆ ಬಂತು.

2016ರ ಜೂನಿನಲ್ಲಿ ಚೆನ್ನೈನ ನುಂಗಂಬಾಕ್ಕಂ ರೈಲು ನಿಲ್ದಾಣದಲ್ಲಿ, ಬೆಳಗಿನ ಹೊತ್ತು, ಕೆಲಸಕ್ಕೆ ಹೊರಟಿದ್ದ ಹುಡುಗಿಯನ್ನು ಜನರ ನಡುವೆಯೇ ಕಡಿದಾಗಲೂ ಇದೇ ಆಯಿತು. ಅವಳು ಎಂಥವಳು ಎಂಬ ಚರ್ಚೆ ಮೊದಲು.

ಈ ಪ್ರಶ್ನೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ನೀನೇನು ಸಲಿಗೆ ಕೊಟ್ಟೆ? ಠಾಣೆಯಲ್ಲಿ ರೈಟರು ಕೇಳುತ್ತಾನೆ. ಮನೆಯಲ್ಲಿ ಅತ್ತೆ ಕೇಳುತ್ತಾರೆ. ಆಫೀಸಿನಲ್ಲಿ ಮೇಲಧಿಕಾರಿ ನಾಜೂಕಾಗಿ ಕೇಳುತ್ತಾರೆ. ಸ್ವಂತ ತಾಯಿ ಅಳುತ್ತಾ ಕೇಳುತ್ತಾಳೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಊಟ ಆಯ್ತಾ ಎಂದವನಿಗೆ ಆಯ್ತು ಎನ್ನುವುದು ಸಲಿಗೆಯಾದರೆ, ಈ ನಾಡಿನಲ್ಲಿ ಯಾರ ಮನೆಯ ಹೆಂಗಸು ತಪ್ಪಿತಸ್ಥಳಲ್ಲ? ಹಾಗೇ ಇರಲಿ, ಒಂದು ಕಾಲಕ್ಕೆ ಅವಳಿಗೂ ಅವನ ಮೇಲೆ ಮನಸ್ಸಿತ್ತು ಎಂದೇ ಇಟ್ಟುಕೊಳ್ಳಿ. ಕಾಗದ ಬರೆದಿದ್ದಳು, ಸಿನಿಮಾಕ್ಕೆ ಹೋಗಿದ್ದಳು. ಇವತ್ತು ಬೇಡ ಎನ್ನುತ್ತಿದ್ದಾಳೆ. ಹಿಂದೊಮ್ಮೆ ಬೇಕು ಎಂದವಳಿಗೆ ಬೇಡ ಎನ್ನುವ ಹಕ್ಕು ಹೋಯಿತು ಎಂದು ಯಾವ ಕಾನೂನು ಹೇಳುತ್ತದೆ? ಯಾವ ದೇವರು ಹೇಳಿದ್ದಾನೆ?

ಮಾಡಬೇಕಾದ್ದು ತೀರಾ ಕಡಿಮೆ, ನಿಮಗೆಲ್ಲ ಗೊತ್ತಿರುವುದೇ. ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ ಒಂದು ರೂಪಾಯಿಯ ಲೆಕ್ಕವೂ ಸಾಕ್ಷಿಯೇ. ತುರ್ತಿಗೆ 112, ಸಹಾಯಕ್ಕೆ ಮಹಿಳಾ ಸಹಾಯವಾಣಿ 181. ಠಾಣೆಗೆ ಅವಳೊಬ್ಬಳನ್ನೇ ಕಳಿಸದೆ ಜೊತೆಗೆ ಹೋಗಿ. ಠಾಣೆಯವರು ಅವನಿಂದ ಮುಚ್ಚಳಿಕೆ ಬರೆಸಿಕೊಂಡು ‘ಇನ್ಮೇಲೆ ಹೀಗೆ ಮಾಡಬೇಡಪ್ಪ’ ಎಂದು ರಾಜಿ ಮಾಡಿಸಲು ಬಂದರೆ ಒಪ್ಪದೆ ಎಫ್‌ಐಆರ್ ಕೇಳಿ, ಅದರ ಪ್ರತಿ ಕೇಳಿ. ಇಷ್ಟನ್ನು ಮಾಡಲು ಯಾರೂ ನೌಕಾಪಡೆಯ ಕಮಾಂಡೋ ಆಗಿರಬೇಕಾಗಿಲ್ಲ. ಸಿನಿಮಾದ ಗಂಡ ಆಗಿದ್ದ. ನೀವು ಆಗಬೇಡಿ, ಹೊಡೆದಾಟಕ್ಕೂ ಹೋಗಬೇಡಿ. ಆದರೆ ಇದೆಲ್ಲ ಮಾಡುವ ಮೊದಲು ಅವಳು ಹೇಳಬೇಕಲ್ಲ? ಅವಳು ಬಾಯಿ ಬಿಡಬೇಕಾದರೆ, ಹೇಳಿದ ಕ್ಷಣಕ್ಕೆ ನಿಮ್ಮ ಮುಖ ಹೇಗಾಗುತ್ತದೆ ಎಂಬ ಭಯ ಅವಳಿಗಿರಬಾರದು. ಗಂಡಂದಿರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಇವತ್ತು ರಾತ್ರಿ ನಿಮ್ಮ ಹೆಂಡತಿ ನಡುಗುವ ಕೈಯಲ್ಲಿ ಫೋನು ಹಿಡಿದು ಬಂದರೆ, ನೀವು ಮೊದಲು ನೋಡುವುದು ಅವನು ಕಳಿಸಿದ್ದನ್ನೋ, ಅವಳು ಉತ್ತರಿಸಿದ್ದನ್ನೋ?

ಇನ್ನೊಂದು ಮಾತು, ಆ ಬ್ಯಾಚಿನವರಿಗೆ. ಅವಳು ಗ್ರೂಪು ಬಿಟ್ಟು ಹೋದದ್ದು ನಿಮಗೆಲ್ಲ ಕಂಡಿದೆ. ಯಾಕೆ ಹೋದಳು ಎಂದು ಈಗ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಅದನ್ನೇ ಮಾತಾಡುತ್ತೀರಿ. ಅವನ ಶುಭೋದಯಕ್ಕೆ ಈಗಲೂ ಕೈ ಮುಗಿಯುವ ಇಮೋಜಿ ಹಾಕುತ್ತೀರಿ. ಮುಂದಿನ ಸ್ನೇಹ ಸಮ್ಮಿಲನಕ್ಕೆ ಚಂದಾ ಎತ್ತುವ ಜವಾಬ್ದಾರಿಯನ್ನೂ ಅವನಿಗೇ ಕೊಟ್ಟಿದ್ದೀರಂತೆ. ನಿಮ್ಮ ಮೇಷ್ಟ್ರುಗಳ ಕಾಲಿಗೆ ಬಿದ್ದ ಕೈಗಳಲ್ಲಿ ಒಂದಾದರೂ ಆ ಗ್ರೂಪಿನಲ್ಲಿ, ಎಲ್ಲರೂ ಓದುವ ಹಾಗೆ ಟೈಪ್ ಮಾಡಲಿ: ನೀನು ಏನು ಮಾಡಿದೆ ಎಂದು ನಮಗೆ ಗೊತ್ತು, ಅವಳ ಗಂಡನ ಮುಂದೆ ಹೋಗಿ ನಿಂತು ಆ ಫೋಟೋ ಎಲ್ಲಿಯದೆಂದು ನೀನೇ ಹೇಳು. ಇಡೀ ತರಗತಿ ನಿಂತ ಅಸಲು ಫೋಟೋ ನಿಮ್ಮೆಲ್ಲರ ಫೋನಿನಲ್ಲೂ ಇದೆಯಲ್ಲ. ಅವನು ಹೋಗದಿದ್ದರೆ ನೀವು ಅದನ್ನು ತೆಗೆದುಕೊಂಡು ಹೋಗಿ.