ಆಜ್ಞೆಯ ಜೊತೆಗೆ ಒಂದು ಮಾತು

ಗಣಕಯಂತ್ರದ ವಿಷಯವಾಗಿ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಭಾವನೆ ಬೇರೂರಿದೆ. ಚಿತ್ರವನ್ನು ಒತ್ತಿದರೆ ಕೆಲಸವಾಗಬೇಕು, ಅದು ಹೇಗಾಯಿತೆಂಬ ಚಿಂತೆ ನಮಗೇಕೆ ಎಂಬುದೇ ಆ ಭಾವನೆ. ಇದನ್ನು ನಾನು ಒಪ್ಪಲಾರೆ. ಡಾಸ್ ಕಾಲದ ಒಂದು ಸಣ್ಣ ನಿದರ್ಶನವನ್ನು ವಾಚಕರ ಮುಂದಿಡುತ್ತೇನೆ.

೧೯೮೧ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್‌ನಲ್ಲಿ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದ ಜಾಗ ಹೆಚ್ಚೆಂದರೆ ೬೪೦ ಕಿಲೋಬೈಟ್. ಜಾಲಕ್ಕೆ ಸೇರಿಸುವ ಕಾರ್ಯಕ್ರಮವು ಒಮ್ಮೆ ಆರಂಭವಾಯಿತೆಂದರೆ ಅಲ್ಲಿಯೇ ಬೀಡುಬಿಟ್ಟು ಉಳಿದವುಗಳಿಗೆ ಇಕ್ಕಟ್ಟು ಮಾಡುತ್ತಿತ್ತು. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕಷ್ಟೆ! ಆದುದರಿಂದ ಅದನ್ನು ಕರೆಯುವಾಗಲೇ ಎಷ್ಟು ಬೇಕೆಂದು ಹೇಳಬೇಕಾಗಿತ್ತು. ಮೈಕ್ರೋಸಾಫ್ಟ್‌ನ ಕಾರ್ಯಕ್ರಮದಲ್ಲಿ ‘ನೆಟ್ ಸ್ಟಾರ್ಟ್ ಬೇಸಿಕ್’ ಎಂದರೆ ಬೇರೆ ಯಂತ್ರದ ಕಡತ, ಮುದ್ರಕಗಳನ್ನು ಬಳಸುವಷ್ಟು ಮಾತ್ರ. ‘ನೆಟ್ ಸ್ಟಾರ್ಟ್ ಫುಲ್’ ಎಂದರೆ ಡೊಮೈನ್ ಪ್ರವೇಶವೂ ದೊರೆಯುತ್ತಿತ್ತು. ಆದರೆ ಹೆಚ್ಚು ಜಾಗ ತೆರಬೇಕಾಗಿತ್ತು. ನೋವೆಲ್ ಸಂಸ್ಥೆಯ ‘ನೆಟ್‌ಎಕ್ಸ್’ನೊಡನೆ ‘ಪಿಎಸ್’ ಎಂದು ಬರೆದು ಸರ್ವರಿನ ಹೆಸರು ಕೊಟ್ಟರೆ ಅದನ್ನೇ ಹುಡುಕುತ್ತಿತ್ತು. ಕೊಡದಿದ್ದರೆ ಮೊದಲು ಓಗೊಟ್ಟ ಸರ್ವರಿಗೆ ಸೇರಿಕೊಳ್ಳುತ್ತಿತ್ತು. ‘ಯು’ ಎಂದರೆ ಜಾಗ ತೆರವು ಮಾಡುತ್ತಿತ್ತು.

ಈಗ ಗಿಗಾಬೈಟ್‌ಗಳ ಕಾಲ, ಇದೆಲ್ಲ ಏತಕ್ಕೆ ಎಂದು ಕೆಲವರು ಕೇಳಬಹುದು. ಈ ಅಕ್ಷರಗಳನ್ನು ಬಾಯಿಪಾಠ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಂದು ಯಂತ್ರದ ಮುಂದೆ ಕುಳಿತವನಿಗೆ ತಾನು ಏನನ್ನು ಆರಂಭಿಸಿದೆ, ಯಾರೊಡನೆ ಸಂಪರ್ಕ ಬೆಳೆಸಿದೆ, ಹೇಗೆ ನಿಲ್ಲಿಸಬೇಕು ಎಂಬುದು ತಿಳಿದಿರುತ್ತಿತ್ತು. ಇಂದು ನಮ್ಮ ಕೈಯ ಫೋನಿನಲ್ಲಿ ಎಷ್ಟು ಕಾರ್ಯಕ್ರಮಗಳು ತಾವಾಗಿಯೇ ಎದ್ದು ಜಾಲಕ್ಕೆ ಸೇರುತ್ತವೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲರು? ಕೇಳುವುದನ್ನು ಮರೆತವನು ಕೊಟ್ಟದ್ದನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ.

ಇದು ವಿಜ್ಞಾನದವರ ಪಾಡು, ಕಲಾ ವಿದ್ಯಾರ್ಥಿಗಳಿಗೆ ಸಂಬಂಧವಿಲ್ಲ ಎಂಬ ಮಾತೂ ಸರಿಯಲ್ಲ. ಆಜ್ಞೆಯು ಕ್ರಿಯಾಪದ, ಅದರ ಹಿಂದೆ ಬರುವ ಸೂಚನೆಗಳು ವಿಶೇಷಣಗಳು. ವಾಕ್ಯರಚನೆಯನ್ನು ಬಲ್ಲ ನಮಗೆ ಇದು ಕಠಿಣವಾಗಲಾರದು.

ನಮ್ಮ ಕಾಲೇಜಿನ ಗಣಕ ತರಗತಿಯಲ್ಲಿ ವಾರಕ್ಕೊಂದು ಗಂಟೆಯನ್ನಾದರೂ ಈ ಕಪ್ಪು ಪರದೆಗೆ ಮೀಸಲಿಡಬೇಕೆಂದು ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ. ೧೯೯೧ರ ಐದನೆಯ ಡಾಸ್‌ನಿಂದ ಮೊದಲ್ಗೊಂಡು ಇಂದಿನ ವಿಂಡೋಸಿನವರೆಗೆ, ಆಜ್ಞೆಯ ಮುಂದೆ ಓರೆಗೆರೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಬರೆದರೆ ಹೆಚ್ಚಿನ ಆಜ್ಞೆಗಳು ತಮ್ಮ ಸೂಚನೆಗಳನ್ನು ತಾವೇ ಪಟ್ಟಿಮಾಡಿ ತೋರಿಸುತ್ತವೆ. ಮೊದಲ ಪಾಠ ಅಲ್ಲಿಂದಲೇ ಆರಂಭವಾಗಲಿ.