ಹೋಟೆಲಿನ ಪಾಳಿಪಟ್ಟಿ: ಕಾಣೆಯಾದ ನಾಲ್ಕನೆಯ ಹೆಸರು

ಕೆಲಸದ ಅವಧಿಯ ಪ್ರಶ್ನೆ ಎದ್ದಾಗಲೆಲ್ಲ ನಮ್ಮಲ್ಲಿ ಚರ್ಚೆ ನಡೆಯುವುದು ಸಾಫ್ಟ್‌ವೇರ್ ನೌಕರರ ಸುತ್ತಲೇ. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರವು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರುವ ಪ್ರಸ್ತಾವ ಮುಂದಿಟ್ಟಾಗಲೂ ಹಾಗೆಯೇ ಆಯಿತು. ದಿನದ ದುಡಿಮೆ 9 ಗಂಟೆಯಿಂದ 10ಕ್ಕೆ, ಓವರ್‌ಟೈಮ್ ಸೇರಿದ ದಿನದ ಗರಿಷ್ಠ ಮಿತಿ 10ರಿಂದ 12ಕ್ಕೆ, ಮೂರು ತಿಂಗಳ ಓವರ್‌ಟೈಮ್ ಮಿತಿ 50 ಗಂಟೆಯಿಂದ 144ಕ್ಕೆ ಏರಬೇಕೆಂಬುದು ಆ ಪ್ರಸ್ತಾವ. ಐಟಿ ನೌಕರರ ಸಂಘಟನೆ ವಿರೋಧಿಸಿತು. ಪತ್ರಿಕೆಗಳು ಅದನ್ನು ವರದಿ ಮಾಡಿದವು. ಆದರೆ ಇದೇ ಕಾಯ್ದೆಯ ವ್ಯಾಖ್ಯೆಯೊಳಗೆ ಹೋಟೆಲು, ಉಪಾಹಾರ ಗೃಹ, ವಸತಿಗೃಹಗಳೂ ಇವೆ. ನಮ್ಮ ಮುಂದೆ ಇಡ್ಲಿಯ ತಟ್ಟೆ ಇಡುವ ಮಾಣಿಯ ಪಾಲಿಗೆ, ಕೋಣೆಯ ಕೀಲಿಕೈ ಕೊಡುವ ಹುಡುಗಿಯ ಪಾಲಿಗೆ ಈ ಅಂಕಿಗಳ ಅರ್ಥವೇನು ಎಂದು ಬಿಡಿಸಿ ನೋಡಿದವರು ವಿರಳ.

ಹೋಟೆಲ್ ಉದ್ಯಮದಲ್ಲಿ ಗಡಿಯಾರಕ್ಕಿಂತ ದೊಡ್ಡದು ಪಾಳಿಪಟ್ಟಿ. ಅದನ್ನು ಓದಲು ಸ್ವಲ್ಪ ಗಣಿತ ಬೇಕು. ಒಂದು ವಸತಿಗೃಹದ ರಿಸೆಪ್ಷನ್ ಮೇಜನ್ನೇ ತೆಗೆದುಕೊಳ್ಳೋಣ. ಅಲ್ಲಿ ಹಗಲಿರುಳೂ ಒಬ್ಬರು ಇರಲೇಬೇಕು; ಅಂದರೆ ವಾರಕ್ಕೆ 168 ಗಂಟೆ. ಒಬ್ಬ ನೌಕರ ವಾರಕ್ಕೆ 48 ಗಂಟೆ ದುಡಿಯುವುದಾದರೆ ಆ ಒಂದು ಕುರ್ಚಿಗೆ ಮೂರೂವರೆ ಜನ ಬೇಕು. ಗಳಿಕೆ ರಜೆ, ಕಾಯಿಲೆ ರಜೆಗಳನ್ನು ಸೇರಿಸಿದರೆ ನಾಲ್ವರು. ನಾಲ್ಕನೆಯವರ ಸಂಬಳ ಉಳಿಸಬೇಕೆಂದು ಲೆಕ್ಕ ಮೂವರಲ್ಲೇ ನಿಂತರೆ ಏನಾಗುತ್ತದೆ?

ಮೂವರೂ ದಿನಕ್ಕೆ 8 ಗಂಟೆಯಂತೆ ವಾರದ ಏಳು ದಿನವೂ ದುಡಿದರೆ ಪಟ್ಟಿ ಸರಿಯಾಗಿ ಕೂರುತ್ತದೆ, ಆದರೆ ವಾರದ ರಜೆ ಮಾಯವಾಗುತ್ತದೆ. ರಜೆ ಕೊಡಲೇಬೇಕೆಂದರೆ, ಒಬ್ಬರು ರಜೆ ಪಡೆದ ದಿನ ಉಳಿದಿಬ್ಬರು 12 ಗಂಟೆಯಂತೆ ಹಂಚಿಕೊಳ್ಳಬೇಕು. ಆಗ ಪ್ರತಿಯೊಬ್ಬರಿಗೂ ವಾರದಲ್ಲಿ 8 ಗಂಟೆಯ ನಾಲ್ಕು ದಿನ, 12 ಗಂಟೆಯ ಎರಡು ದಿನ, ಒಂದು ರಜೆ. ಒಟ್ಟು 56 ಗಂಟೆ. ಮಿತಿಗಿಂತ 8 ಹೆಚ್ಚು. ಮೂರು ತಿಂಗಳಿಗೆ 13 ವಾರ ಎಂದು ಹಿಡಿದರೆ 104 ಗಂಟೆಯ ಓವರ್‌ಟೈಮ್.

1961ರ ಕಾಯ್ದೆ ವಿಧಿಸಿದ ಮಿತಿಯ ಪ್ರಕಾರ ಇದು ಎರಡು ರೀತಿಯಲ್ಲಿ ಅಕ್ರಮ. ದಿನಕ್ಕೆ 12 ಗಂಟೆ ದುಡಿಸುವುದೂ ತಪ್ಪು, ಮೂರು ತಿಂಗಳಲ್ಲಿ 50 ಗಂಟೆ ದಾಟುವುದೂ ತಪ್ಪು. 2025ರ ಪ್ರಸ್ತಾವದ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ: 12 ಗಂಟೆಯ ದಿನ ಮಿತಿಯೊಳಗೆ, 104 ಗಂಟೆಯೂ 144ರ ಒಳಗೆ. ಮೂವರಲ್ಲಿ ನಡೆಯುವ ಮೇಜು ಆಗ ಸಕ್ರಮವಾಗುತ್ತದೆ. ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ದರದಲ್ಲಿ ಕೂಲಿ ಕೊಡಬೇಕೆಂಬ ನಿಯಮ ಕಾಯ್ದೆಯಲ್ಲಿದೆ, ನಿಜ. ತಿಂಗಳ ಸಂಬಳ, ಊಟ, ಮಲಗಲು ಮಹಡಿಯ ಮೇಲೊಂದು ಕೋಣೆ ಎಂಬ ಒಪ್ಪಂದದಲ್ಲಿ ಗಂಟೆಯ ಲೆಕ್ಕ ಬರೆಯುವವರು ಯಾರು ಎಂಬುದು ಬೇರೆಯ ಮಾತು.

ಜನರನ್ನು ಉಳಿಸುವ ಇನ್ನೊಂದು ಉಪಾಯಕ್ಕೆ ಹೋಟೆಲಿನವರು ‘ಬ್ರೇಕ್ ಶಿಫ್ಟ್’ ಎನ್ನುತ್ತಾರೆ. ತಿಂಡಿಯ ಹೊತ್ತಿಗೂ ಸಂಜೆಯ ಕಾಫಿಯ ಹೊತ್ತಿಗೂ ಜನದಟ್ಟಣೆ. ನಡುವೆ ಮೇಜುಗಳು ಖಾಲಿ. ಖಾಲಿ ಹೊತ್ತಿಗೆ ಸಂಬಳವೇಕೆ? ಬೆಳಿಗ್ಗೆ 6ರಿಂದ 11, ಸಂಜೆ 4.30ರಿಂದ 8.30 ಎಂದು ಒಬ್ಬನ ದಿನವನ್ನು ಎರಡು ತುಂಡು ಮಾಡಿದರೆ ಎರಡೂ ದಟ್ಟಣೆಗೆ ಅವನೇ ಸಿಗುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ದುಡಿಮೆ ಕರಾರುವಾಕ್ಕಾಗಿ 9 ಗಂಟೆ. ಅವನ ದಿನ ಮಾತ್ರ ಹದಿನಾಲ್ಕೂವರೆ ಗಂಟೆ. ದೊಡ್ಡ ಹೋಟೆಲುಗಳ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆಂದು 11ರಿಂದ 3.30, ಮತ್ತೆ 7ರಿಂದ 11.30 ಎಂದು ಹಂಚಿದರೂ ದುಡಿಮೆ 9 ಗಂಟೆ, ದಿನ ಹನ್ನೆರಡೂವರೆ ಗಂಟೆ.

ಇಲ್ಲಿ ಕಾಯ್ದೆಯ 10ನೇ ಸೆಕ್ಷನ್ ಮುಖ್ಯವಾಗುತ್ತದೆ. ದುಡಿಮೆಯೂ ಬಿಡುವೂ ಸೇರಿ ನೌಕರನ ದಿನದ ಹರವು 12 ಗಂಟೆ ಮೀರಬಾರದು ಎನ್ನುತ್ತದೆ ಅದು. ಮೇಲಿನ ಎರಡೂ ಪಾಳಿಗಳು ಈ ಪರೀಕ್ಷೆಯಲ್ಲಿ ಅನುತ್ತೀರ್ಣ. ಆದರೂ ಒಂಬತ್ತೋ ಹತ್ತೋ ಎಂಬ ವಾದದ ಭರದಲ್ಲಿ ಈ ಸೆಕ್ಷನ್ನಿನ ಪ್ರಸ್ತಾಪ ಬಂದದ್ದು ಕಡಿಮೆ. ಐಟಿ ನೌಕರನ ದಿನ ತುಂಡಾಗುವುದಿಲ್ಲವಲ್ಲ! ಬೆಂಗಳೂರಿನಲ್ಲಿ ದೂರದ ಬಡಾವಣೆಯಿಂದ ಎರಡು ಬಸ್ ಹಿಡಿದು ಬರುವ ಕೆಲಸಗಾರ ಮೂರೂವರೆ ಗಂಟೆಯ ಬಿಡುವಿನಲ್ಲಿ ಮನೆಗೆ ಹೋಗಿ ಬರಲಾರ. ಬಿಡುವು ಸಂಬಳವಿಲ್ಲದ ಕಾಯುವಿಕೆಯಾಗಿ ಮುಗಿಯುತ್ತದೆ. ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ರಾತ್ರಿಯ ಹೊತ್ತು ಕೈಗೆ ಸಿಗದೆ ರಾತ್ರಿ ಶಾಲೆ ಎಲ್ಲಿಂದ? ಬ್ರೇಕ್ ಶಿಫ್ಟ್ ಕೊಡುವುದು ಮಧ್ಯಾಹ್ನದ ಬಿಡುವನ್ನು. ಆ ಹೊತ್ತಿಗೆ ತರಗತಿಯೂ ಇಲ್ಲ, ಮನೆಯಲ್ಲಿ ಮಕ್ಕಳೂ ಇಲ್ಲ.

ರಾತ್ರಿ ಬಾಗಿಲು ಹಾಕಿದವನೇ ಬೆಳಿಗ್ಗೆ ಬಾಗಿಲು ತೆಗೆಯುವುದು ಇನ್ನೊಂದು ಸಂಕಟ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹೋಟೆಲು, ಬಾರ್‌ಗಳಿಗೆ ರಾತ್ರಿ 1 ಗಂಟೆಯವರೆಗೆ ವಹಿವಾಟು ನಡೆಸಲು ಅನುಮತಿ ದೊರೆಯಿತು. ಒಂದಕ್ಕೆ ಗಿರಾಕಿ ಎದ್ದರೆ, ಪಾತ್ರೆ ತೊಳೆದು ನೆಲ ಒರೆಸಿ ಹೊರಬೀಳುವಾಗ ಎರಡು. ಅಷ್ಟರಲ್ಲಿ ಮೆಟ್ರೊ ನಿಂತು ಬಹಳ ಹೊತ್ತಾಗಿರುತ್ತದೆ. ಐರೋಪ್ಯ ಒಕ್ಕೂಟದ 2003ರ ಕೆಲಸದ ಅವಧಿ ನಿರ್ದೇಶನವು ದಿನಕ್ಕೆ ಸತತ 11 ಗಂಟೆಯ ವಿಶ್ರಾಂತಿಯನ್ನು ಹಕ್ಕೆಂದು ಗುರುತಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1991ರಲ್ಲಿ ಹೋಟೆಲ್ ಕೆಲಸಗಾರರಿಗಾಗಿಯೇ ಒಂದು ಒಡಂಬಡಿಕೆ ರೂಪಿಸಿತು. ಪಾಳಿಯ ವಿವರ ಸಾಕಷ್ಟು ಮುಂಚಿತವಾಗಿ ತಿಳಿದರೆ ಅವರು ಮನೆವಾರ್ತೆಯನ್ನು ಹೊಂದಿಸಿಕೊಳ್ಳಬಹುದು ಎಂಬುದು ಅದರ ಆಶಯಗಳಲ್ಲಿ ಒಂದು. ಜತೆಗಿನ ಶಿಫಾರಸು ಬ್ರೇಕ್ ಶಿಫ್ಟ್ ಪದ್ಧತಿಯನ್ನು ಕ್ರಮೇಣ ಕೈಬಿಡುವಂತೆ ಸೂಚಿಸುತ್ತದೆ. ಭಾರತ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ.

ಮಾಲೀಕರ ಅಳಲಿನಲ್ಲೂ ಹುರುಳಿದೆ. ಬಾಡಿಗೆ, ಹಾಲು, ಕಾಫಿಪುಡಿ, ವಾಣಿಜ್ಯ ಅನಿಲದ ದರ ಅವರ ಕೈಯಲ್ಲಿಲ್ಲ. ದೋಸೆಗೆ ಐದು ರೂಪಾಯಿ ಹೆಚ್ಚಿಸಿದರೆ ಗೊಣಗುವವರು ನಾವೇ. ಕುಂದಾಪುರ, ಬೈಂದೂರು ಕಡೆಯಿಂದ ಬರುತ್ತಿದ್ದ ಹುಡುಗರು ಈಗ ವಿರಳ. ಒಡಿಶಾ, ಅಸ್ಸಾಂ, ಬಿಹಾರದವರನ್ನು ಕರೆತರಬೇಕು. ಹೀಗಿದ್ದೂ ದಾರಿಗಳು ಇಲ್ಲವೆಂದಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ಮುಚ್ಚುವುದು ಊರಿಗೆಲ್ಲ ಗೊತ್ತು. ಉಳಿದ ಆರು ದಿನ ದೋಸೆಗೆ ಸಾಲು ನಿಲ್ಲುವವರು ಕಡಿಮೆಯಾಗಿಲ್ಲ.

2021ರ ಜನವರಿಯಲ್ಲಿ ಹತ್ತು ಮತ್ತು ಹೆಚ್ಚು ನೌಕರರಿರುವ ಅಂಗಡಿ, ಸಂಸ್ಥೆಗಳಿಗೆ ಹಗಲಿರುಳು ತೆರೆದಿರಲು ಮೂರು ವರ್ಷಗಳ ಅನುಮತಿ ನೀಡಿದಾಗ ಸರ್ಕಾರ ಎರಡು ಒಳ್ಳೆಯ ಷರತ್ತು ಹಾಕಿತ್ತು: ವಾರದ ರಜೆಯನ್ನು ಸರದಿಯಂತೆ ಕೊಡಲು ಹೆಚ್ಚುವರಿ ನೌಕರರನ್ನು ನೇಮಿಸಬೇಕು, ಅಂದು ರಜೆಯಲ್ಲಿರುವವರ ಹೆಸರನ್ನು ಎದ್ದು ಕಾಣುವಂತೆ ಪ್ರದರ್ಶಿಸಬೇಕು. ನಾಲ್ಕನೆಯವರು ಬೇಕೆಂಬುದನ್ನು ಸರ್ಕಾರವೇ ಒಪ್ಪಿಕೊಂಡಿತ್ತು ಎಂದಾಯಿತು.

ಈಗ ಚೆಂಡು ಮತ್ತೆ ಸರ್ಕಾರದ ಅಂಗಳದಲ್ಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ದಿನದ ದುಡಿಮೆಯನ್ನು 8 ಗಂಟೆಗೆ ಮಿತಿಗೊಳಿಸಿ, ಬಿಡುವು ಎಷ್ಟು, ದಿನದ ಹರವು ಎಷ್ಟು ಎಂಬುದನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸಲು ಸರ್ಕಾರಗಳಿಗೇ ಬಿಟ್ಟಿದೆ. ಅಂಥ ಅಧಿಸೂಚನೆ ಕೈಗೆ ಬಂದಾಗ ಹೋಟೆಲ್ ಕೆಲಸಗಾರರು ಮೊದಲು ಹುಡುಕಬೇಕಾದದ್ದು ಓವರ್‌ಟೈಮಿನ ಅಂಕಿಯನ್ನಲ್ಲ, ಹರವಿನ ಅಂಕಿಯನ್ನು. ಅದು 12ರಲ್ಲೇ ನಿಂತರೆ ಬೆಳಿಗ್ಗೆ 6ಕ್ಕೆ ಬಂದವನನ್ನು ಸಂಜೆ 6ರ ನಂತರ ಉಳಿಸಿಕೊಳ್ಳಲು ಬಾರದು. ರಾತ್ರಿಯ ಊಟ ಬಡಿಸಲು ಬೇರೊಬ್ಬರ ಹೆಸರನ್ನು ಪಟ್ಟಿಗೆ ಸೇರಿಸಬೇಕಾಗುತ್ತದೆ.